ಮಗುವಿನ ಮಾತು ಯಾರ ಕೈಗೆ?

ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರಿಗೆ, ಓದದಿದ್ದರೂ ಹರಿಕಥೆಯಲ್ಲಿಯೋ ಯಕ್ಷಗಾನದಲ್ಲಿಯೋ ಕೇಳಿದವರಿಗೆ, ಚಂದ್ರಹಾಸನ ಕಥೆ ಹೊಸದಲ್ಲ. ತಂದೆತಾಯಿಗಳನ್ನು ಕಳೆದುಕೊಂಡ ಆ ಬಾಲಕ ಪರರ ಅನ್ನದಲ್ಲಿ ಬೆಳೆದವನು. ಅವನನ್ನು ಕೊಲ್ಲಿಸಲು ಒಮ್ಮೆ ಯತ್ನಿಸಿ ವಿಫಲನಾದ ಮಂತ್ರಿ ದುಷ್ಟಬುದ್ಧಿ ಎರಡನೆಯ ಬಾರಿಗೆ ಒಂದು ಪತ್ರವನ್ನು ಬರೆದು, ಅದನ್ನು ಅವನ ಕೈಯಲ್ಲಿಯೇ ಕೊಟ್ಟು ಕಳುಹಿಸುತ್ತಾನೆ. ತನಗೆ ವಿಷವನ್ನಿಕ್ಕಬೇಕೆಂಬ ಆಜ್ಞೆಯನ್ನು ತಾನೇ ಹೊತ್ತು ನಡೆಯುತ್ತಿದ್ದೇನೆಂದು ಆ ತರುಣನಿಗೆ ತಿಳಿಯದು. ಉದ್ಯಾನದಲ್ಲಿ ಮಲಗಿದ್ದವನನ್ನು ಕಂಡ ಮಂತ್ರಿಪುತ್ರಿ ವಿಷಯೆ ಆ ಪತ್ರವನ್ನು ಓದಿ, ಅಕ್ಷರವನ್ನು ತಿದ್ದಿ, ವಿಷವಿದ್ದೆಡೆಯಲ್ಲಿ ತನ್ನ ಹೆಸರನ್ನು ಮೂಡಿಸಿದುದರಿಂದ ಅವನು ಬದುಕಿದನು.

ಈ ಭಾಗವನ್ನು ಪಾಠ ಹೇಳುವಾಗ ನಾವು ಅಧ್ಯಾಪಕರು ಕಥೆಯ ಚಮತ್ಕಾರವನ್ನು ಮೆಚ್ಚಿಕೊಂಡು ಮುಂದೆ ಸಾಗುವುದು ವಾಡಿಕೆ. ಆದರೆ ಅದರೊಳಗಿರುವ ಒಂದು ಸಂಗತಿ ನನ್ನನ್ನು ಬಹುದಿನಗಳಿಂದ ಬಾಧಿಸುತ್ತಿದೆ. ತನ್ನ ವಿಷಯವಾಗಿ ಬರೆದುದನ್ನು ತಾನು ಓದಲಾರದ, ಬರೆದವನೇ ತನ್ನ ಹಿತಚಿಂತಕನೆಂದು ನಂಬಿ ನಡೆಯುವ ಅನಾಥನ ಸ್ಥಿತಿ ಕಾವ್ಯದೊಂದಿಗೆ ಮುಗಿದುಹೋಗಲಿಲ್ಲ. ಬಾಲಮಂದಿರದಲ್ಲಿ, ಅನಾಥಾಲಯದಲ್ಲಿ, ವಸತಿಶಾಲೆಯಲ್ಲಿ, ಸಾಕುವವರ ಮನೆಯಲ್ಲಿ ಬೆಳೆಯುತ್ತಿರುವ ಮಗುವೊಂದು ತನಗಾದ ಹಿಂಸೆಯನ್ನೋ ತನ್ನನ್ನು ಕಂಡೂ ಕಾಣದಂತಿರುವ ನಿರ್ಲಕ್ಷ್ಯವನ್ನೋ ಹೇಳಿಕೊಂಡರೆ ಆ ಮಾತು ಯಾರ ಕೈಗೆ ಹೋಗುತ್ತದೆ, ಯಾರು ಅದನ್ನು ವಿಚಾರಿಸುತ್ತಾರೆ, ಯಾವ ಅಕ್ಷರಗಳಲ್ಲಿ ಬರೆಯುತ್ತಾರೆ ಎಂಬ ಪ್ರಶ್ನೆಯನ್ನು ಇಂದು ವಾಚಕರ ಮುಂದಿಡುವುದು ನನ್ನ ಉದ್ದೇಶ.

ಮನೆಯ ಹೊರಗೆ ಮಕ್ಕಳನ್ನು ಸಾಕುವ ಸಂಪ್ರದಾಯ ಕನ್ನಡನಾಡಿಗೆ ಹೊಸದಲ್ಲ. ವಾರಾನ್ನ ಮಾಡಿ ಓದಿ ದೊಡ್ಡವರಾದವರ ತಲೆಮಾರನ್ನು ನಾವು ಬಲ್ಲೆವು. ಜಾತಿಗೊಂದರಂತೆ ಹುಟ್ಟಿಕೊಂಡ ವಿದ್ಯಾರ್ಥಿನಿಲಯಗಳು, ಮಠಗಳ ಉಚಿತ ಪ್ರಸಾದನಿಲಯಗಳು, ಬಳಿಕ ಸರ್ಕಾರವೇ ತೆರೆದ ವಸತಿಶಾಲೆಗಳು ಇಲ್ಲದಿದ್ದರೆ ಇಂದು ನಮ್ಮ ಕಾಲೇಜುಗಳಲ್ಲಿ ಕುಳಿತಿರುವ ಎಷ್ಟೋ ಮಂದಿ ಹಳ್ಳಿಯ ಮಕ್ಕಳು ಅಕ್ಷರದ ಹತ್ತಿರ ಸುಳಿಯುತ್ತಿರಲಿಲ್ಲ. ಇದನ್ನು ಮರೆಯುವುದು ಕೃತಘ್ನತೆ. ಆದರೆ ಈ ಕೃತಜ್ಞತೆಯೇ ಕೆಲವೊಮ್ಮೆ ವಿಚಾರಣೆಗೆ ಅಡ್ಡಗೋಡೆಯಾಗುತ್ತದೆ. ಅನ್ನವಿಕ್ಕಿದವರ ಮೇಲೆ ದೂರೇ ಎಂದು ಜನ ಮೂಗಿನ ಮೇಲೆ ಬೆರಳಿಡುತ್ತಾರೆ. ಬೇಲಿಯೇ ಹೊಲವನ್ನು ಮೇಯ್ದರೆ ಯಾರಲ್ಲಿ ಹೇಳಿಕೊಳ್ಳುವುದೆಂಬ ಸಂಕಟ ಹನ್ನೆರಡನೆಯ ಶತಮಾನದ ಬಸವಣ್ಣನವರ ವಚನದಲ್ಲಿಯೇ ಇದೆ. ಗಾದೆಯನ್ನು ನಾವು ನಿತ್ಯವೂ ಬಳಸುತ್ತೇವೆ. ಬೇಲಿಯನ್ನು ಕಾಯುವ ಏರ್ಪಾಡನ್ನು ಕುರಿತು ಮಾತ್ರ ಅಪರೂಪಕ್ಕೆ ಯೋಚಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ‘ನನ್ನ ವಿದ್ಯಾರ್ಥಿನಿಲಯ’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಸಿದೆ. ಬಂದ ಹಾಳೆಗಳೆಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದುವು. ಊಟ ರುಚಿಕರ, ವಾರ್ಡನ್ ತಂದೆಯ ಸಮಾನ, ಪರಿಸರ ಸ್ವಚ್ಛ. ಹಾಳೆಗಳನ್ನು ಒಟ್ಟುಗೂಡಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಸಾರ್, ಇದನ್ನು ನೀವಲ್ಲದೆ ಇನ್ನು ಯಾರು ಓದುತ್ತಾರೆ?” ಎಂದು ಕೇಳಿದ. ನಾನೊಬ್ಬನೇ ಎಂದೆ. ಅವನು ಹಾಳೆಯನ್ನು ಹಿಂದಕ್ಕೆ ಪಡೆದು, ಕೊನೆಯಲ್ಲಿ ಎರಡು ಸಾಲು ಸೇರಿಸಿಕೊಟ್ಟ. ಜ್ವರ ಬಂದು ಮೂರು ದಿನ ಮಲಗಿದ್ದಾಗ ತನ್ನನ್ನು ಯಾರೂ ವೈದ್ಯರ ಬಳಿಗೆ ಕರೆದೊಯ್ಯಲಿಲ್ಲವೆಂಬುದು ಆ ಸಾಲುಗಳ ತಾತ್ಪರ್ಯ. ನಾನು ಅವನೊಡನೆ ಮಾತನಾಡಿ, ಅವನ ಊರಿನ ಹಿರಿಯರ ಮೂಲಕ ವಿಷಯವನ್ನು ಮೇಲಿನವರಿಗೆ ತಿಳಿಸಿದೆ. ಆ ಎರಡು ಸಾಲುಗಳಿಗಿಂತಲೂ ಹೆಚ್ಚಾಗಿ ಆ ಪ್ರಶ್ನೆಯೇ ನನ್ನಲ್ಲಿ ಉಳಿದುಕೊಂಡಿದೆ. ಮನೆಯಿಂದ ದೂರವಿರುವ ಮಗು ಬರೆಯುವ ಮೊದಲು ಓದುವವನನ್ನು ಕುರಿತು ಯೋಚಿಸುತ್ತದೆ. ಊಟ, ಹಾಸಿಗೆ, ಹೊರಗೆ ಹೋಗಲು ಬೇಕಾದ ಅಪ್ಪಣೆ, ಮನೆಗೆ ಮಾಡುವ ದೂರವಾಣಿ, ಎಲ್ಲವೂ ಯಾರ ಕೈಯಲ್ಲಿದೆಯೋ ಅವರ ಕೈಗೇ ದೂರೂ ಹೋಗುವುದಾದರೆ ಮಗು ಹೊಗಳಿಕೆಯನ್ನಲ್ಲದೆ ಬೇರೇನನ್ನು ಬರೆದೀತು?

ಮನೆಯಲ್ಲಿರುವ ಮಗುವಿಗೆ ತಾಯಿ ಹೊಡೆದರೆ ಅಜ್ಜಿಯಿದ್ದಾಳೆ, ನೆರೆಮನೆಯವರಿದ್ದಾರೆ, ಶಾಲೆಯ ಉಪಾಧ್ಯಾಯರಿದ್ದಾರೆ. ಸಂಸ್ಥೆಯೊಳಗಿನ ಮಗುವಿಗೆ ಈ ದಾರಿಗಳೆಲ್ಲ ಒಂದೇ ಬಾಗಿಲಿನ ಮೂಲಕ ಹೋಗುತ್ತವೆ. ಬಾಗಿಲ ಬೀಗದ ಕೈ ಒಬ್ಬರ ಸೊಂಟದಲ್ಲಿರುತ್ತದೆ. ಆದುದರಿಂದ ಮನೆಯ ಹೊರಗಿನ ಪಾಲನೆಯಲ್ಲಿ ಬಂದ ದೂರಿನ ವಿಚಾರಣೆ ಒಂದು ವಿಶೇಷ ಕರ್ತವ್ಯ. ಅಪರಾಧಿಯನ್ನು ಹಿಡಿಯುವುದಕ್ಕಿಂತ ಮೊದಲು ಆ ಬಾಗಿಲನ್ನು ತೆರೆಯುವುದು ಅದರ ಕೆಲಸ.

ನಮ್ಮ ಶಾಸನಗಳು ಇದನ್ನು ಅರಿಯದೆ ಇಲ್ಲ. 2015ರ ಬಾಲನ್ಯಾಯ ಕಾಯಿದೆಯು ಮಕ್ಕಳನ್ನು ಸಾಕುವ ಪ್ರತಿಯೊಂದು ಸಂಸ್ಥೆಯೂ ನೋಂದಣಿ ಮಾಡಿಸಬೇಕೆಂದು ವಿಧಿಸಿತು. ತನಿಖಾ ಸಮಿತಿಯು ಮೂರು ತಿಂಗಳಿಗೊಮ್ಮೆಯಾದರೂ ಪ್ರತಿ ಸಂಸ್ಥೆಗೆ ಭೇಟಿ ಕೊಡಬೇಕು. ಮೂವರಿಗೆ ಕಡಮೆಯಿಲ್ಲದ ಆ ತಂಡದಲ್ಲಿ ಒಬ್ಬ ಮಹಿಳೆಯೂ ಒಬ್ಬ ವೈದ್ಯಾಧಿಕಾರಿಯೂ ಇರಬೇಕು. ಆರು ವರ್ಷಕ್ಕೆ ಮೇಲ್ಪಟ್ಟ ಮಕ್ಕಳಿರುವಲ್ಲಿ ಮಕ್ಕಳದೇ ಸಮಿತಿಗಳನ್ನು ರಚಿಸಬೇಕು. ಮಗುವನ್ನು ನೋಡಿಕೊಳ್ಳುವ ಹೊಣೆ ಹೊತ್ತವರೇ ಹಿಂಸಿಸಿದರೆ ಅಥವಾ ಬೇಕೆಂದು ನಿರ್ಲಕ್ಷಿಸಿದರೆ ಶಿಕ್ಷೆಯುಂಟು. ಅವರು ಸಂಸ್ಥೆಯ ನೌಕರರೋ ಚಾಲಕರೋ ಆಗಿದ್ದರೆ ಆ ಶಿಕ್ಷೆ 5 ವರ್ಷಗಳ ಕಠಿಣ ಸಜೆಯವರೆಗೆ ಏರಬಹುದು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯಿದೆ ಇನ್ನೂ ಮುಂದೆ ಹೋಯಿತು. ಅಂಥ ಅಪರಾಧ ತಿಳಿದೂ ತಿಳಿಸದಿರುವುದೇ ಅಪರಾಧ. ತನ್ನ ಕೈಕೆಳಗಿನವನು ಎಸಗಿದ ಕೃತ್ಯವನ್ನು ಮುಚ್ಚಿಡುವ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸಜೆ. ಮಗುವಿನ ಹೇಳಿಕೆಯನ್ನು ಅದು ಇಷ್ಟಪಟ್ಟ ಸ್ಥಳದಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿ, ಸಾಧ್ಯವಾದಮಟ್ಟಿಗೆ ಮಹಿಳೆಯೇ, ಬರೆದುಕೊಳ್ಳಬೇಕು. ಮಗು ಕೊಟ್ಟ ದೂರನ್ನು ಮಗುವಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ದಾಖಲಿಸಬೇಕು. ಕನ್ನಡ ಅಧ್ಯಾಪಕನಾದ ನನಗೆ ಆ ಕಾಯಿದೆಯಲ್ಲಿ ಎಲ್ಲಕ್ಕಿಂತ ಹಿರಿದಾಗಿ ತೋರುವುದು ಈ ಕೊನೆಯ ಮಾತು.

ಶಾಸನ ಹೀಗಿದ್ದರೂ ಆಚರಣೆಯ ಚಿತ್ರ ಬೇರೆ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2018ರಲ್ಲಿ ಹೊರತಂದ ಸಮೀಕ್ಷೆಯಲ್ಲಿ ದೇಶದ 9,589 ಪಾಲನಾಸಂಸ್ಥೆಗಳ ಲೆಕ್ಕ ಸಿಕ್ಕಿತು. ಅವುಗಳಲ್ಲಿ ಸುಮಾರು 3,70,000 ಮಕ್ಕಳಿದ್ದರು. 2016ರ ವೇಳೆಗೆ ಬಾಲನ್ಯಾಯ ಕಾಯಿದೆಯಂತೆ ನೋಂದಣಿಯಾಗಿದ್ದುದು ಶೇಕಡ 32 ಮಾತ್ರ. ನೋಂದಣಿಯೇ ಇಲ್ಲದಲ್ಲಿ ತನಿಖಾ ಸಮಿತಿ ಯಾವ ಬಾಗಿಲನ್ನು ತಟ್ಟೀತು? ತಟ್ಟಿದಲ್ಲಿಯೂ ಆಗುವುದು ಏನೆಂಬುದನ್ನು ಬಲ್ಲವರು ಬಲ್ಲರು. ಮುನ್ನಾದಿನವೇ ಸುದ್ದಿ ಬಂದಿರುತ್ತದೆ. ಅಂಗಳಕ್ಕೆ ರಂಗೋಲಿ, ಮಕ್ಕಳ ಮೈಮೇಲೆ ಪೆಟ್ಟಿಗೆಯಿಂದ ತೆಗೆದ ಹೊಸ ಬಟ್ಟೆ, ಅಂದಿನ ಊಟದಲ್ಲಿ ಪಾಯಸ. ದಾಸ್ತಾನು ಪುಸ್ತಕದಲ್ಲಿ ತೊಗರಿಬೇಳೆ ಇರುತ್ತದೆ. ಅದು ಸಾರಿನಲ್ಲಿತ್ತೆ ಎಂಬುದು ಪುಸ್ತಕದಿಂದ ತಿಳಿಯುವ ಸಂಗತಿಯಲ್ಲ. ಹೊಡೆತ ಮೈಮೇಲೆ ಗುರುತು ಬಿಡುತ್ತದೆ; ನಿರ್ಲಕ್ಷ್ಯವಾದರೋ ಗುರುತು ಬಿಡದೆ ಮಗುವನ್ನು ತಿನ್ನುತ್ತದೆ. ಕಜ್ಜಿ ತುರಿಸಿಕೊಳ್ಳುತ್ತಿರುವ ಕೈಗಳನ್ನು, ತೂಕ ಏರದ ಮೈಯನ್ನು, ಅರುವತ್ತು ಮಕ್ಕಳಿಗೆ ಒಬ್ಬರೇ ಕಾವಲಿರುವ ರಾತ್ರಿಯನ್ನು ನೋಡಬಲ್ಲವನೇ ನಿಜವಾದ ತನಿಖೆಗಾರ.

ಪರದೇಶಗಳ ಇತಿಹಾಸವೂ ಇದೇ ಪಾಠವನ್ನು ಹೇಳುತ್ತದೆ. 1874ರಲ್ಲಿ ನ್ಯೂಯಾರ್ಕಿನ ಮೇರಿ ಎಲೆನ್ ಎಂಬ ಹತ್ತು ವರ್ಷದ ಬಾಲಿಕೆಯ ಪ್ರಕರಣ ಜಗತ್ತಿನ ಗಮನವನ್ನು ಸೆಳೆಯಿತು. ಅವಳನ್ನು ಹಿಂಸಿಸಿದ ಮನೆಗೆ ಅವಳನ್ನು ಒಪ್ಪಿಸಿದ್ದುದು ನಗರದ ಧರ್ಮಾದಾಯ ಇಲಾಖೆಯೇ. ಅವಳ ಪಾಡನ್ನು ನೆರೆಯವರಿಂದ ಕೇಳಿ ತಿಳಿದ ಎಟ್ಟಾ ವ್ಹೀಲರ್ ಎಂಬ ಸೇವಾಕರ್ತೆ, ಪ್ರಾಣಿದಯಾ ಸಂಘದ ಹೆನ್ರಿ ಬರ್ಗ್ ಅವರ ನೆರವನ್ನು ಪಡೆದು ವಿಷಯವನ್ನು ನ್ಯಾಯಾಲಯಕ್ಕೆ ಮುಟ್ಟಿಸಿದಳು. ಬಾಲಿಕೆ ತಾನೇ ನ್ಯಾಯಾಲಯದಲ್ಲಿ ಮಾತನಾಡಿದಳು. ಸಾಕುತಾಯಿಗೆ ಒಂದು ವರ್ಷದ ಸಜೆಯಾಯಿತು. ಮಕ್ಕಳ ಮೇಲಣ ಕ್ರೌರ್ಯವನ್ನು ತಡೆಯುವ ಮೊದಲ ಸಂಘ ಹುಟ್ಟಿದ್ದು ಈ ಪ್ರಕರಣದ ಬೆನ್ನಿಗೆ.

ಇಂಗ್ಲೆಂಡಿನ ಕಥೆ ಇದಕ್ಕಿಂತಲೂ ದಾರುಣವಾದುದು. ನ್ಯೂಪೋರ್ಟ್ ಪಟ್ಟಣದ ಆಡಳಿತವು ಡೆನಿಸ್ ಓನೀಲ್ ಎಂಬ ಹುಡುಗನನ್ನೂ ಅವನ ತಮ್ಮನನ್ನೂ ಶ್ರಾಪ್‌ಷೈರಿನ ಒಂದು ಹೊಲಮನೆಯಲ್ಲಿ ಸಾಕಲು ಬಿಟ್ಟಿತು. ಹುಡುಗರು ಒಂದು ಜಿಲ್ಲೆಯವರು, ಹೊಲಮನೆ ಇನ್ನೊಂದು ಜಿಲ್ಲೆಯದು; ಯಾರು ನೋಡಿಕೊಳ್ಳಬೇಕೆಂಬುದು ಎರಡು ಕಚೇರಿಗಳ ನಡುವೆ ತೂಗಾಡಿತು. 1944ರ ಡಿಸೆಂಬರಿನಲ್ಲಿ ಭೇಟಿ ಕೊಟ್ಟ ಮಹಿಳೆಯೊಬ್ಬರು ಹುಡುಗನನ್ನು ಅಲ್ಲಿಂದ ತೆಗೆಯಬೇಕೆಂದು ತಿಳಿಸಿದರು. ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ, 1945ರ ಜನವರಿ 9ರಂದು, ಹನ್ನೆರಡು ವರ್ಷದ ಡೆನಿಸ್ ಹೊಡೆತದಿಂದಲೂ ಹಸಿವಿನಿಂದಲೂ ಸತ್ತನು. ಏನಾಯಿತೆಂಬುದನ್ನು ನ್ಯಾಯಾಲಯದಲ್ಲಿ ಹೇಳಿದವನು ಅವನ ತಮ್ಮ. ಆ ಸಾವಿನ ವಿಚಾರಣೆ, ಅದರ ಬಳಿಕ ಕರ್ಟಿಸ್ ಸಮಿತಿಯ ವರದಿ, ಕೊನೆಗೆ 1948ರ ಮಕ್ಕಳ ಕಾಯಿದೆ ಹೀಗೆ ಒಂದರ ಹಿಂದೆ ಒಂದು ಬಂದುವು. ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಮಾತಿದೆ: 1952ರಿಂದ ಲಂಡನ್ನಿನ ರಂಗಭೂಮಿಯಲ್ಲಿ ದಾಖಲೆ ಕಾಲ ನಡೆದ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರಾಪ್’ ನಾಟಕದ ಮೂಲಪ್ರೇರಣೆ ಈ ಬಾಲಕನ ಸಾವು.

ನಮ್ಮ ದೇಶಕ್ಕೆ ಮರಳೋಣ. ಬಿಹಾರದ ಮುಜಫರಪುರದ ಬಾಲಿಕಾಗೃಹದ ಪ್ರಕರಣ 2018ರಲ್ಲಿ ಬಯಲಿಗೆ ಬಂದುದು ಟಾಟಾ ಸಮಾಜವಿಜ್ಞಾನ ಸಂಸ್ಥೆಯ ತಂಡವೊಂದು ಆ ರಾಜ್ಯದ ಪಾಲನಾಸಂಸ್ಥೆಗಳಲ್ಲಿ ಮಾಡಿದ ಸಾಮಾಜಿಕ ಪರಿಶೋಧನೆಯಿಂದ. 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ ಸಂಸ್ಥೆಯ ಮುಖ್ಯಸ್ಥನನ್ನೂ ಇತರರನ್ನೂ ಅಪರಾಧಿಗಳೆಂದು ಸಾರಿತು. ಮುಖ್ಯಸ್ಥನಿಗೆ ಜೀವಾವಧಿ ಶಿಕ್ಷೆಯಾಯಿತು. ಆ ತೀರ್ಪಿನ ಅತ್ಯಂತ ಭಯಾನಕವಾದ ಅಂಶ ಬೇರೆಯೇ ಇದೆ: ಅಪರಾಧಿಗಳೆಂದು ಸಿದ್ಧರಾದವರಲ್ಲಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಸೇರಿದವರೂ ಇದ್ದರು. ಯಾರ ಬಳಿ ದೂರು ಹೇಳಬೇಕಾಗಿತ್ತೋ ಅವರೇ ದೂರಿಗೆ ಕಾರಣರಾಗಿದ್ದರು. ಹೊರಗಿನಿಂದ ಬಂದು, ಯಾವ ಹಂಗೂ ಇಲ್ಲದೆ ಕೇಳಿದವರಿಗೆ ಮಾತ್ರ ಸತ್ಯ ಕಾಣಿಸಿತು.

ನಮ್ಮ ರಾಜ್ಯದಲ್ಲಿ 2022ರ ಆಗಸ್ಟ್ ತಿಂಗಳಲ್ಲಿ ಚಿತ್ರದುರ್ಗದ ಮುರುಘಾ ಮಠದ ವಿದ್ಯಾರ್ಥಿನಿಲಯದಲ್ಲಿದ್ದ ಬಾಲಕಿಯರ ದೂರು ದಾಖಲಾದುದು ಚಿತ್ರದುರ್ಗದಲ್ಲಿ ಅಲ್ಲ, ಮೈಸೂರಿನಲ್ಲಿ, ‘ಒಡನಾಡಿ’ ಸೇವಾಸಂಸ್ಥೆಯ ನೆರವಿನಿಂದ. ಮಠಾಧೀಶರ ಬಂಧನವಾಯಿತು, 2025ರ ನವೆಂಬರಿನಲ್ಲಿ ಚಿತ್ರದುರ್ಗದ ನ್ಯಾಯಾಲಯವು ಆ ಪ್ರಕರಣದಲ್ಲಿ ಅವರನ್ನು ದೋಷಮುಕ್ತರೆಂದು ಬಿಡುಗಡೆ ಮಾಡಿತು. ತಪ್ಪು ಒಪ್ಪುಗಳ ನಿರ್ಣಯ ನ್ಯಾಯಾಲಯಕ್ಕೆ ಸೇರಿದುದು. ಅದರಲ್ಲಿ ನಾನು ಕೈಯಿಡುವುದಿಲ್ಲ. ನನ್ನನ್ನು ಕಾಡುವುದು ದೂರು ನಡೆದುಬಂದ ದಾರಿ. ಆರೋಪ ದಿಟವಾಗಲಿ ಸುಳ್ಳಾಗಲಿ, ಅದನ್ನು ಹೇಳಲು ಮಕ್ಕಳು ಜಿಲ್ಲೆಗಳನ್ನು ದಾಟಿ ಹೋಗಬೇಕಾಯಿತೆಂದರೆ, ಹತ್ತಿರದಲ್ಲಿ ಅವರು ನಂಬಬಹುದಾದ ಬಾಗಿಲು ಅವರಿಗೆ ಕಾಣಲಿಲ್ಲವೆಂದೇ ಅರ್ಥ. ವಿಚಾರಣೆ ತಕ್ಷಣ, ನಿಷ್ಪಕ್ಷಪಾತವಾಗಿ, ಹೊರಗಿನವರಿಂದ ನಡೆದರೆ ನೊಂದ ಮಗುವಿಗೆ ಹೇಗೋ ಹಾಗೆಯೇ ನಿರಪರಾಧಿಯಾದ ಪಾಲಕನಿಗೂ ಅದೇ ರಕ್ಷಣೆ. ತಡವಾದ, ಅರೆಮನಸ್ಸಿನ ವಿಚಾರಣೆ ಇಬ್ಬರಿಗೂ ಅನ್ಯಾಯ ಮಾಡುತ್ತದೆ.

ಈ ಸಂದರ್ಭದಲ್ಲಿ ಅಲೀಪುರದ ಒಂದು ವಿಶೇಷವನ್ನು ಇಲ್ಲಿ ಹೇಳಬೇಕಾಗಿದೆ. ಗೌರಿಬಿದನೂರು ತಾಲ್ಲೂಕಿನ ಈ ಊರು ಹರಳು ಕೊರೆದು ಮೆರುಗು ಕೊಡುವ ಕಸುಬಿಗೆ ಹೆಸರಾದುದು. ಆದರೆ ಭಾಷಾಶಾಸ್ತ್ರಜ್ಞರು ಇದನ್ನು ಬಲ್ಲುದು ಬೇರೊಂದು ಕಾರಣಕ್ಕೆ. ಹುಟ್ಟಿನಿಂದ ಕಿವಿ ಕೇಳಿಸದವರ ಸಂಖ್ಯೆ ಇಲ್ಲಿ ಇತರ ಊರುಗಳಿಗಿಂತ ಹೆಚ್ಚು. ಅವರ ನಡುವೆ ತಾನಾಗಿ ಬೆಳೆದ ಒಂದು ಕೈಸನ್ನೆಯ ಭಾಷೆಯಿದೆ. ಸಿಬಾಜಿ ಪಾಂಡಾ ಎಂಬ ವಿದ್ವಾಂಸರು ಅದನ್ನು ಅಭ್ಯಸಿಸಿ 2012ರಲ್ಲಿ ಪ್ರಕಟಿಸಿದ್ದಾರೆ. ಈ ಭಾಷೆಯ ಹಿರಿಮೆಯೆಂದರೆ ಅದು ಕಿವುಡರದು ಮಾತ್ರವಲ್ಲ. ಕಿವಿ ಕೇಳಿಸುವ ನೆಂಟರೂ ನೆರೆಯವರೂ ಅಂಗಡಿಯವರೂ ಅದನ್ನು ಆಡಬಲ್ಲರು. ಇಲ್ಲಿ ಮಾತು ಬಾರದ ಮಗು ಬೀದಿಯಲ್ಲಿ ನಿಂತು ಕೈಯೆತ್ತಿ ತನ್ನ ನೋವನ್ನು ಹೇಳಿದರೆ ತಿಳಿಯುವವರಿದ್ದಾರೆ.

ಈಗ ಅಂಥದೊಂದು ಮಗು ದೂರದ ವಸತಿಶಾಲೆಯನ್ನು ಸೇರಿತೆಂದು ಭಾವಿಸಿ. ಅದರ ಕೈಗಳು ಹಾಗೆಯೇ ಇವೆ. ಅದನ್ನು ಓದಬಲ್ಲ ಕಣ್ಣುಗಳಿಲ್ಲ. ತನಿಖೆಗೆ ಬಂದವರು, ಮಗು ಏನು ಹೇಳುತ್ತಿದೆಯೆಂದು ಅಲ್ಲಿನ ಮೇಲ್ವಿಚಾರಕರನ್ನೇ ಕೇಳುತ್ತಾರೆ. ದೂರಿರುವುದೇ ಆ ಮೇಲ್ವಿಚಾರಕರ ಮೇಲಾದರೆ? 2012ರ ಕಾಯಿದೆ ಇದನ್ನು ಮುಂಗಂಡು, ಅಂಗವಿಕಲ ಮಗುವಿನ ಹೇಳಿಕೆಯನ್ನು ಬರೆದುಕೊಳ್ಳುವಾಗ ವಿಶೇಷ ಶಿಕ್ಷಕರ ಅಥವಾ ಆ ಮಗು ಮಾತನಾಡುವ ರೀತಿಯನ್ನು ಬಲ್ಲವರ ನೆರವನ್ನು ಪಡೆಯಬಹುದೆಂದು ಹೇಳಿದೆ. ‘ಪಡೆಯಬಹುದು’ ಎಂಬುದು ‘ಪಡೆಯಲೇಬೇಕು’ ಎಂದಾಗಬೇಕೆಂಬುದು ನನ್ನ ಅಭಿಪ್ರಾಯ. ಕಿವಿ ಕೇಳಿಸುವ ಮಗುವಿನ ಪಾಡೂ ಬಹಳ ಬೇರೆಯಲ್ಲ. ನಮ್ಮ ಈ ಗಡಿಸೀಮೆಯಲ್ಲಿ ಮನೆಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳಿದ್ದಾರೆ. ಮಗು ತನ್ನ ಮನೆಮಾತಿನಲ್ಲಿ ಹೇಳಿದ ಸಂಗತಿ ಕಚೇರಿಯ ಕನ್ನಡಕ್ಕೆ ತಿರುಗಿ, ಅಲ್ಲಿಂದ ಕಾಯಿದೆಯ ಇಂಗ್ಲಿಷಿಗೆ ದಾಟುವಷ್ಟರಲ್ಲಿ ಮಗುವಿನ ಮಾತು ಎಷ್ಟು ಉಳಿದೀತು? “ರಾತ್ರಿ ಮೆಟ್ಟಿಲ ಕೆಳಗೆ ಕೂಡಿಹಾಕಿದರು” ಎಂದು ಮಗು ಹೇಳಿದುದನ್ನು “ಶಿಸ್ತುಕ್ರಮ ಜರುಗಿಸಲಾಗಿರುತ್ತದೆ” ಎಂದು ಬರೆಯುವ ಕೈ ಮಗುವಿನ ಬದುಕನ್ನೇ ತಿದ್ದುತ್ತದೆ. ಚಂದ್ರಹಾಸನ ಪತ್ರದಲ್ಲಿ ಅಕ್ಷರದ ತಿದ್ದು ಪ್ರಾಣವನ್ನು ಉಳಿಸಿತು. ಇಂಥ ವರದಿಗಳಲ್ಲಿ ತಿದ್ದುವವನು ವಿಷಯೆಯಾಗಿರುತ್ತಾನೆಂದು ನಂಬುವಂತಿಲ್ಲ.

ಹೀಗಿರುವಲ್ಲಿ ನಾವು ಕೇಳಬೇಕಾದುದು ಬಹಳವಿಲ್ಲ. ಮೊದಲನೆಯದಾಗಿ, ಸಂಸ್ಥೆಯ ಮೇಲಿನ ದೂರನ್ನು ಆ ಸಂಸ್ಥೆಯವರೂ ಅದರ ಅನುದಾನಕ್ಕೆ ಸಹಿ ಹಾಕುವವರೂ ವಿಚಾರಿಸಕೂಡದು. ಎರಡನೆಯದಾಗಿ, ವಿಚಾರಣೆ ಮುಗಿಯುವವರೆಗೆ ದೂರು ಹೇಳಿದ ಮಗುವೂ ಆರೋಪಕ್ಕೊಳಗಾದವರೂ ಒಂದೇ ಸೂರಿನಡಿಯಲ್ಲಿರಬಾರದು. ಸ್ಥಳ ಬಿಡಬೇಕಾದವರು ದೊಡ್ಡವರು. ಮಗುವನ್ನೇ ಅದರ ಶಾಲೆಯಿಂದ, ಗೆಳೆಯರಿಂದ ಕಿತ್ತು ಬೇರೆಡೆಗೆ ಕಳುಹಿಸಿದರೆ, ದೂರು ಹೇಳಿದುದಕ್ಕೆ ಶಿಕ್ಷೆಯಾಯಿತೆಂದೇ ಉಳಿದ ಮಕ್ಕಳು ತಿಳಿಯುತ್ತಾರೆ. ಮೂರನೆಯದಾಗಿ, ಮಗುವಿನ ಮಾತನ್ನು ಮಗುವಿನ ಮಾತಿನಲ್ಲಿಯೇ ಬರೆದು, ಅದಕ್ಕೆ ಓದಿ ಹೇಳಬೇಕು. ಕೊನೆಯಲ್ಲಿ ಏನು ತೀರ್ಮಾನವಾಯಿತೆಂಬುದನ್ನೂ ಅದಕ್ಕೆ ತಿಳಿಸಬೇಕು.

ಶಾಸನದಲ್ಲಿಯೂ ತಿದ್ದಬೇಕಾದ ಒಂದು ಸಂಗತಿಯಿದೆ. ಬಾಲನ್ಯಾಯ ಕಾಯಿದೆಗೆ 2021ರಲ್ಲಿ ಆಗಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು, 3ರಿಂದ 7 ವರ್ಷಗಳ ಸಜೆಗೆ ಗುರಿಯಾಗುವ ಅಪರಾಧಗಳನ್ನು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ವರ್ಗಕ್ಕೆ ಸೇರಿಸಿತು. ಪಾಲನಾಸಂಸ್ಥೆಯ ನೌಕರರು ಎಸಗುವ ಕ್ರೌರ್ಯವೂ ಇದರೊಳಗೆ ಬಂದಿತು. ದೆಹಲಿಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. ಬೀಗ ಹಾಕಿದ ಬಾಗಿಲಿನೊಳಗಿನ ಮಗುವಿಗೆ ಇನ್ನೊಂದು ಬಾಗಿಲನ್ನು ಅಡ್ಡವಿಡುವುದು ಯಾವ ದೃಷ್ಟಿಯಿಂದಲೂ ಸಲ್ಲದು.

ಉಳಿದ ಮಾತು ನಮ್ಮಂಥ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸೇರಿದುದು. ಪಾಲನಾಸಂಸ್ಥೆಯ ಮಗು ದಿನಕ್ಕೊಮ್ಮೆ ಹೊರಬರುವುದು ಶಾಲೆಗೆ. ಅಲ್ಲಿ ಅದನ್ನು ನೋಡುವ ಹೊರಗಿನ ಕಣ್ಣು ಉಪಾಧ್ಯಾಯರದು. ಹುಡುಗ ಸುಮ್ಮನಾದುದನ್ನು, ಹುಡುಗಿ ಮಧ್ಯಾಹ್ನದ ಊಟವನ್ನು ಬಚ್ಚಿಟ್ಟುಕೊಳ್ಳುವುದನ್ನು, ರಜೆ ಹತ್ತಿರವಾದಂತೆ ಒಬ್ಬನ ಮುಖ ಅರಳಿ ಇನ್ನೊಬ್ಬನದು ಬಾಡುವುದನ್ನು ಕಾಣಬಲ್ಲವರು ನಾವೇ. ಕಂಡಾಗ ನಾವೇ ವಿಚಾರಣೆಗೆ ತೊಡಗಿ ಮಗುವನ್ನು ಹತ್ತು ಸಲ ಪ್ರಶ್ನಿಸುವುದು ಬೇಡ. ಅದು ಹೇಳಿದಷ್ಟನ್ನು ಅದರ ಮಾತಿನಲ್ಲಿಯೇ ಬರೆದಿಟ್ಟು, ಅಂದೇ 1098 ಸಂಖ್ಯೆಯ ಮಕ್ಕಳ ಸಹಾಯವಾಣಿಗೋ ಪೊಲೀಸರಿಗೋ ತಿಳಿಸುವುದು ನಮ್ಮ ಕರ್ತವ್ಯ. ಸಂಸ್ಥೆ ಎಷ್ಟೇ ದೊಡ್ಡದಿರಲಿ, ಅದನ್ನು ನಡೆಸುವವರು ನಮಗೆ ಎಷ್ಟೇ ಪರಿಚಿತರಿರಲಿ, ಆ ಹಾಳೆಯನ್ನು ಅವರ ಕೈಗೆ ಮಾತ್ರ ಕೊಡಕೂಡದು.